ಮೊದಲು ಟ್ಯಾಂಕ್, ಆಮೇಲೆ ಎಂಜಿನ್

ಹಳೇ ಕಾರಿಗೆ ಹೊಸ ಎಂಜಿನ್ ಕೂರಿಸುವವರನ್ನು ಮಾತಾಡಿಸಿ ನೋಡಿ. ಯಾವ ಎಂಜಿನ್, ಎಷ್ಟು ಹಾರ್ಸ್‌ಪವರ್, ಯಾವ ಗೇರ್‌ಬಾಕ್ಸ್, ಎಲ್ಲಕ್ಕೂ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಪೆಟ್ರೋಲ್ ಅಲ್ಲಿಗೆ ಹೇಗೆ ಹೋಗುತ್ತೆ ಅಂತ ಕೇಳಿ. "ಅದೇನು ಮಹಾ, ಒಂದು ಎಲೆಕ್ಟ್ರಿಕ್ ಪಂಪು ಹಾಕಿ ಪೈಪು ಎಳೆದರಾಯ್ತು" ಅನ್ನುತ್ತಾರೆ. ನನ್ನ ತಕರಾರು ಶುರುವಾಗುವುದೇ ಇಲ್ಲಿ.

ನನ್ನ ಪ್ರಕಾರ ಈ ಕೆಲಸ ಟ್ಯಾಂಕಿನಿಂದ ಶುರುವಾಗಬೇಕು. ಪಂಪು ಟ್ಯಾಂಕಿನ ಒಳಗೇ ಇರಬೇಕು. ಎಂಜಿನ್‌ಗೆ ದುಡ್ಡು ಕೊಡುವ ಮೊದಲೇ ಇದು ತೀರ್ಮಾನ ಆಗಿರಬೇಕು. ಹಟ ಜಾಸ್ತಿ ಆಯ್ತು ಅನ್ನಿಸಬಹುದು. ಕಾರಣ ಹೇಳುತ್ತೇನೆ, ಕೇಳಿ.

ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಇರುವ ಹಳೇ ಕಾರಿನಲ್ಲಿ ಪಂಪು ಸಾಮಾನ್ಯವಾಗಿ ಎಂಜಿನ್ ಮೈಗೇ ಅಂಟಿಕೊಂಡಿರುತ್ತದೆ. ಕ್ಯಾಮ್‌ಶಾಫ್ಟ್ ತಿರುಗಿದ ಹಾಗೆ ಪಂಪಿನೊಳಗಿನ ಡಯಾಫ್ರಮ್ ಅನ್ನುವ ತೆಳು ಪದರ ಆಡುತ್ತದೆ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಒತ್ತಡ ಸುಮಾರು 4ರಿಂದ 7 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಅಳತೆ), ಅಷ್ಟೇ. ಅಷ್ಟು ಸಾಕು ಕೂಡ. ಯಾಕೆಂದರೆ ಕಾರ್ಬುರೇಟರ್‌ನ ಫ್ಲೋಟ್ ಬೌಲ್‌ನಲ್ಲಿ ಯಾವಾಗಲೂ ಒಂದಿಷ್ಟು ಪೆಟ್ರೋಲ್ ನಿಂತಿರುತ್ತದೆ. ಪೈಪಿನಲ್ಲಿ ನಾಲ್ಕು ಗಾಳಿಗುಳ್ಳೆ ಬಂದರೂ ಎಂಜಿನ್‌ಗೆ ಗೊತ್ತೇ ಆಗುವುದಿಲ್ಲ.

ಈಗ ಕೂರಿಸುವ ಹೊಸ ಎಂಜಿನ್ ಸಾಮಾನ್ಯವಾಗಿ ಇಂಜೆಕ್ಷನ್‌ನದು, ಅಂದರೆ ಇಂಜೆಕ್ಟರ್ ಅನ್ನುವ ಪುಟ್ಟ ನಳಿಕೆಗಳು ಪೆಟ್ರೋಲ್ ಸಿಂಪಡಿಸುತ್ತವೆ. ಅದಕ್ಕೆ ಅಂಥ ಬೌಲ್ ಇಲ್ಲ. ಪೋರ್ಟ್ ಇಂಜೆಕ್ಷನ್ (ಗಾಳಿ ಒಳಹೋಗುವ ದಾರಿಯಲ್ಲಿ ಸಿಂಪಡಿಸುವ) ಎಂಜಿನ್‌ಗಳು ಹೆಚ್ಚಾಗಿ 43ರಿಂದ 58 ಪಿಎಸ್ಐ ಕೇಳುತ್ತವೆ. ಹಳೇ ಕಾರುಗಳಿಗೆ ಜನ ಮುಗಿಬಿದ್ದು ಹಾಕಿಸುವ ಜಿಎಂ (ಜನರಲ್ ಮೋಟಾರ್ಸ್) ಕಂಪನಿಯ ಎಲ್ಎಸ್ ವಿ8 ಎಂಜಿನ್‌ಗೆ 58 ಬೇಕು. ಇಂಜೆಕ್ಟರ್ ಎಷ್ಟು ಮಿಲಿಸೆಕೆಂಡ್ ತೆರೆದಿರಬೇಕು ಅಂತ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಲೆಕ್ಕ ಹಾಕುವುದು, ಹಿಂದೆ ಇಷ್ಟೇ ಒತ್ತಡ ಇದೆ ಅನ್ನುವ ನಂಬಿಕೆಯ ಮೇಲೆ. ಆ ಒತ್ತಡ ಒಂದು ಕ್ಷಣ ಕುಸಿದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಕಾಲು ಪೂರ್ತಿ ಒತ್ತಿ ಹಿಡಿದಾಗ ಹೀಗಾದರೆ ಪಿಸ್ಟನ್‌ಗೇ ಸಂಚಕಾರ.

ಈಗ ಪಂಪಿನ ಸ್ವಭಾವ ನೋಡಿ. ಇಂಜೆಕ್ಷನ್‌ಗೆ ಬಳಸುವ ಎಲೆಕ್ಟ್ರಿಕ್ ಪಂಪು ಚೆನ್ನಾಗಿ ತಳ್ಳುತ್ತದೆ, ಆದರೆ ಎಳೆಯುವುದರಲ್ಲಿ ತೀರಾ ಪೆದ್ದು. ಟ್ಯಾಂಕಿನ ಹೊರಗೆ, ಚಾಸಿಯ ಮೇಲೆ, ಅದೂ ಟ್ಯಾಂಕಿಗಿಂತ ಎತ್ತರದಲ್ಲಿ ಅದನ್ನು ತಗುಲಿಸಿದರೆ ಎಳೆಯುವ ಕಡೆ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಪೆಟ್ರೋಲ್ ಕಡಿಮೆ ಶಾಖಕ್ಕೇ ಕುದಿಯುತ್ತದೆ. ಬಿಸಿಲು ಜೋರಿದ್ದು, ಟ್ಯಾಂಕ್ ಅರ್ಧ ಖಾಲಿಯಾಗಿದ್ದರೆ ಪಂಪಿನ ಬಾಯಿಗೆ ಬರುವುದು ಪೆಟ್ರೋಲ್ ಅಲ್ಲ, ಆವಿ. ಪಂಪು ಕಿರುಚುತ್ತದೆ, ಎಂಜಿನ್ ಮುಗ್ಗರಿಸುತ್ತದೆ, ಜನ ಟ್ಯೂನಿಂಗ್ ಸರಿಯಿಲ್ಲ ಅಂತ ಲ್ಯಾಪ್‌ಟಾಪ್ ತೆಗೆಯುತ್ತಾರೆ! ಪಂಪು ಟ್ಯಾಂಕಿನೊಳಗೆ ಮುಳುಗಿದ್ದರೆ ಈ ರಗಳೆಯೇ ಇಲ್ಲ. ಸುತ್ತಲಿನ ಪೆಟ್ರೋಲೇ ಅದನ್ನು ತಣ್ಣಗಿಡುತ್ತದೆ. ಸದ್ದೂ ಕಡಿಮೆ.

ಇನ್ನೊಂದು ವಿಷಯ, ಹಳೇ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಸರಿಯಾದ ತಡೆಗೋಡೆ ಇರುವುದಿಲ್ಲ. ತಿರುವಿನಲ್ಲಿ ಪೆಟ್ರೋಲ್ ಎಲ್ಲಾ ಒಂದು ಪಕ್ಕಕ್ಕೆ ಓಡುತ್ತದೆ, ಪಂಪಿನ ಬಾಯಿ ಗಾಳಿ ಕುಡಿಯುತ್ತದೆ. ಕಾರ್ಬುರೇಟರ್ ಇದನ್ನು ಸಹಿಸಿಕೊಳ್ಳುತ್ತಿತ್ತು, ಇಂಜೆಕ್ಷನ್ ಸಹಿಸುವುದಿಲ್ಲ. ಆದ್ದರಿಂದ ಪಂಪು ಒಳಗೆ ಹಾಕಿದರಷ್ಟೇ ಸಾಲದು. ಅದರ ಸುತ್ತ ಪೆಟ್ರೋಲ್ ನಿಲ್ಲುವ ಚಿಕ್ಕ ಬಕೆಟ್ಟೋ ಅಡ್ಡಗೋಡೆಯೋ ಬೇಕೇ ಬೇಕು.

"ಟ್ಯಾಂಕ್ ಕತ್ತರಿಸಿದರೆ ಕಾರಿನ ಅಸಲಿತನ ಹೋಯ್ತಲ್ಲ" ಅನ್ನುವವರಿದ್ದಾರೆ. ಸ್ವಾಮಿ, ಎಂಜಿನ್ನೇ ಬದಲಾಯಿಸಿದ ಮೇಲೆ ಟ್ಯಾಂಕಿನ ಮೇಲೆ ಯಾಕಿಷ್ಟು ಪ್ರೀತಿ? ಅಸಲಿ ಟ್ಯಾಂಕ್ ತೆಗೆದು, ತೊಳೆದು, ಒಣಗಿಸಿ ಇಟ್ಟುಕೊಳ್ಳಿ. ಹೆಸರಾಂತ ಹಳೇ ಮಾಡೆಲ್‌ಗಳಿಗೆ ಇಂಜೆಕ್ಷನ್ ಪಂಪು ಕೂರಿಸಿಯೇ ಮಾಡಿದ ಹೊಸ ಟ್ಯಾಂಕ್ ಸಿಗುತ್ತದೆ. ನಿಮ್ಮ ಕಾರಿಗೆ ಸಿಗದಿದ್ದರೆ, ಇರುವ ಟ್ಯಾಂಕಿಗೆ ತೂತು ಕೊರೆದು ಕೂರಿಸುವ ಪಂಪ್ ಕಿಟ್ ಇದೆ. ಆದರೆ ಟ್ಯಾಂಕಿಗೆ ವೆಲ್ಡಿಂಗ್ ಮಾಡುವ ಕೆಲಸಕ್ಕೆ ಮಾತ್ರ ನೀವು ಕೈಹಾಕಬೇಡಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯ. ಅದನ್ನೇ ಕಸುಬು ಮಾಡಿಕೊಂಡವರಿಗೆ ಕೊಡಿ.

ಟ್ಯಾಂಕ್ ಮುಟ್ಟಲೇಬಾರದು ಅನ್ನುವ ಅಪರೂಪದ ಕಾರಾದರೆ ಸರ್ಜ್ ಟ್ಯಾಂಕ್ ದಾರಿ ಉಂಟು. ಕಡಿಮೆ ಒತ್ತಡದ ಪಂಪೊಂದು ಮುಖ್ಯ ಟ್ಯಾಂಕಿನಿಂದ ಒಂದು ಚಿಕ್ಕ ಡಬ್ಬಿಯನ್ನು ಸದಾ ತುಂಬಿಸುತ್ತಾ ಇರುತ್ತದೆ, ಆ ಡಬ್ಬಿಯಿಂದ ದೊಡ್ಡ ಪಂಪು ಎಂಜಿನ್‌ಗೆ ತಳ್ಳುತ್ತದೆ. ಚೆನ್ನಾಗಿಯೇ ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಎರಡು ಪಂಪು, ಇನ್ನಷ್ಟು ಜಾಯಿಂಟು. ಜಾಗ ಇದೆ ಅಂತ ಆ ಡಬ್ಬಿಯನ್ನು ಬಾನೆಟ್ ಕೆಳಗೆ, ಎಕ್ಸಾಸ್ಟ್ ಪಕ್ಕ ಇಡುವವರನ್ನು ಕಂಡರೆ ನನಗೆ ಭಯ.

ಪಂಪು ಎಷ್ಟು ದೊಡ್ಡದಿರಬೇಕು? ಟರ್ಬೊ (ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ ಎಂಜಿನ್ ಪೂರ್ತಿ ಜೋರಿನಲ್ಲಿ ಓಡುವಾಗ ಒಂದು ಹಾರ್ಸ್‌ಪವರ್‌ಗೆ ಗಂಟೆಗೆ ಸುಮಾರು ಅರ್ಧ ಪೌಂಡ್ ಪೆಟ್ರೋಲ್ ಅನ್ನುವುದು ಹಳೇ ಲೆಕ್ಕ. 400 ಹಾರ್ಸ್‌ಪವರ್‌ಗೆ 200 ಪೌಂಡ್, ಅಂದರೆ ಸುಮಾರು 90 ಕೆಜಿ. ಲೀಟರ್ ಲೆಕ್ಕದಲ್ಲಿ ಗಂಟೆಗೆ 120ರ ಆಸುಪಾಸು. ಎಲ್ಲರೂ ಕೊಳ್ಳುವ, ಗಂಟೆಗೆ 255 ಲೀಟರ್ ತಳ್ಳುವ ಪಂಪು ಇದಕ್ಕೆ ಧಾರಾಳ ಸಾಕು. ಆದರೂ ಸುಮ್ನೆ ಇರಲಿ ಅಂತ ಅದಕ್ಕಿಂತ ದೊಡ್ಡದು ಹಾಕುತ್ತಾರೆ. ಆಗ ಬಳಕೆಯಾಗದ ಪೆಟ್ರೋಲ್ ಸುತ್ತು ಹೊಡೆದು ಹೊಡೆದು ಟ್ಯಾಂಕನ್ನೇ ಬಿಸಿ ಮಾಡುತ್ತದೆ.

ಆ ಪೆಟ್ರೋಲ್ ಟ್ಯಾಂಕಿಗೆ ಹಿಂದಿರುಗುವ ವಾಪಸ್ ಪೈಪಿನ ವಿಷಯಕ್ಕೆ ಬರೋಣ. ಹಳೇ ಪದ್ಧತಿಯಲ್ಲಿ ಪೆಟ್ರೋಲ್ ಎಂಜಿನ್‌ವರೆಗೂ ಹೋಗಿ, ರೆಗ್ಯುಲೇಟರ್ (ಒತ್ತಡವನ್ನು ಹಿಡಿತದಲ್ಲಿಡುವ ಭಾಗ) ದಾಟಿ, ಮಿಕ್ಕಿದ್ದು ಹಿಂದಕ್ಕೆ ಬರುತ್ತದೆ. 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರಿಗೆ ಬಂದ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ಇಂಜೆಕ್ಷನ್‌ನಲ್ಲೇ ವಾಪಸ್ ಪೈಪು ಇತ್ತು, ಹಾಗಾಗಿ ಇದು ಹೊಸ ತಲೆನೋವೇನೂ ಅಲ್ಲ. ಈ ಪೈಪು ಸಣ್ಣದಾದರೆ ಒಂದು ತಮಾಷೆ ನಡೆಯುತ್ತದೆ. ಐಡಲ್‌ನಲ್ಲಿ ಎಂಜಿನ್ ಏನೂ ಕುಡಿಯುವುದಿಲ್ಲ, ಹೆಚ್ಚುಕಡಿಮೆ ಎಲ್ಲಾ ಪೆಟ್ರೋಲ್ ವಾಪಸ್ ಹೋಗಬೇಕು, ದಾರಿ ಇಕ್ಕಟ್ಟು. ರೆಗ್ಯುಲೇಟರ್ ಎಷ್ಟೇ ತಿರುಗಿಸಿದರೂ ಒತ್ತಡ ಇಳಿಯುವುದಿಲ್ಲ. ರೆಗ್ಯುಲೇಟರ್ ಕೆಟ್ಟಿದೆ ಅಂತ ಇನ್ನೊಂದು ತರುತ್ತಾರೆ, ಪಾಪ.

ಇನ್ನೊಂದು ದಾರಿ, ರೆಗ್ಯುಲೇಟರನ್ನೇ ಟ್ಯಾಂಕಿನ ಹತ್ತಿರ ಇಡುವುದು. ಜಿಎಂನ ಸ್ಪೋರ್ಟ್ಸ್ ಕಾರು ಸಿ5 ಕಾರ್ವೆಟ್‌ನ ಫಿಲ್ಟರ್ ಇದಕ್ಕೆ ಹೆಸರುವಾಸಿ. ಫಿಲ್ಟರ್, 58 ಪಿಎಸ್ಐ ರೆಗ್ಯುಲೇಟರ್ ಎರಡೂ ಒಂದೇ ಡಬ್ಬಿಯಲ್ಲಿ. ಮಿಕ್ಕಿದ ಪೆಟ್ರೋಲ್ ಅಲ್ಲಿಂದಲೇ ಟ್ಯಾಂಕಿಗೆ ವಾಪಸ್, ಎಂಜಿನ್‌ಗೆ ಒಂದೇ ಪೈಪು. ಬಾನೆಟ್ ಬಿಸಿ ಟ್ಯಾಂಕಿಗೆ ಬರುವುದಿಲ್ಲ. ಟರ್ಬೊ ಇಲ್ಲದ ಎಲ್ಎಸ್‌ಗೆ ನಾನು ಇದನ್ನೇ ಹೇಳುವುದು. ಟರ್ಬೊ ಇದ್ದರೆ ಬೂಸ್ಟ್ (ಅದು ತುಂಬುವ ಗಾಳಿಯ ಒತ್ತಡ) ಏರಿದಂತೆ ಒತ್ತಡವೂ ಏರಬೇಕು, ಆಗ ಎಂಜಿನ್ ಹತ್ತಿರ ರೆಗ್ಯುಲೇಟರ್ ಇಟ್ಟು ಪೂರ್ತಿ ವಾಪಸ್ ಪೈಪು ಎಳೆಯಿರಿ.

ಹೋಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಬೆಂಕಿ ಬೀಳುವುದು ಇಲ್ಲೇ. 5 ಪಿಎಸ್ಐನಲ್ಲಿ ಸೋರಿದರೆ ಹನಿ ಬೀಳುತ್ತದೆ. 58ರಲ್ಲಿ ಸೋರಿದರೆ ಮಂಜಿನ ಹಾಗೆ ಸಿಂಪಡಿಸುತ್ತದೆ, ಬಿಸಿ ಎಕ್ಸಾಸ್ಟ್ ಮೇಲೆ. ರಬ್ಬರ್ ಹೋಸ್ ಮೇಲೆ ಬರೆದಿರುವುದನ್ನು ಓದಿ. ಅದು ಹೋಸಿನ ದರ್ಜೆ ಹೇಳುವ ಎಸ್‌ಎಇ ಗುರುತು. 30ಆರ್7 ಅಂದರೆ ಕಾರ್ಬುರೇಟರ್ ಕಾಲದ್ದು. ಇಂಜೆಕ್ಷನ್‌ಗೆ 30ಆರ್9 ಬೇಕು. ಟ್ಯಾಂಕಿನೊಳಗೆ ಮುಳುಗುವ ತುಂಡಿಗೆ ಅದೂ ಆಗುವುದಿಲ್ಲ, ಅದರ ಹೊರಮೈ ಪೆಟ್ರೋಲಿನಲ್ಲಿ ನೆನೆಯಲಿಕ್ಕೆ ಮಾಡಿದ್ದಲ್ಲ. ಅಲ್ಲಿ 30ಆರ್10 ಹಾಕಬೇಕು. ಬೆರಳುದ್ದದ ತುಂಡು, ಆದರೆ ಅದು ಮೆತ್ತಗಾಗಿ ಬಿಚ್ಚಿಕೊಂಡರೆ ಕಾರು ನಡುರಸ್ತೆಯಲ್ಲಿ ನಿಲ್ಲುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಕ್ಲಾಂಪ್ ಕೂಡ ಅಂಚು ಮಡಚಿದ ಇಂಜೆಕ್ಷನ್ ಕ್ಲಾಂಪೇ ಆಗಬೇಕು. ತೂತು ತೂತಿನ ಸಾಮಾನ್ಯ ಕ್ಲಾಂಪ್ ರಬ್ಬರನ್ನು ಕೊಯ್ದುಬಿಡುತ್ತದೆ.

ಸಾಧ್ಯವಾದಷ್ಟು ದೂರ ಲೋಹದ ಪೈಪೇ ಇರಲಿ, ಹೋಸ್ ಎರಡು ತುದಿಯಲ್ಲಿ ಮಾತ್ರ. ತಾಮ್ರದ ಪೈಪು ಬೇಡ, ಅಲುಗಾಟಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ. ಎಎನ್ ಫಿಟ್ಟಿಂಗ್ (ಪೈಪು ಜೋಡಿಸುವ ತಿರುಪಿನ ಜಾಯಿಂಟು) ಬಳಸುವವರು ಒಂದು ನೆನಪಿಡಿ. ಅದರ ಬಾಯಿಯ ಓರೆ 37 ಡಿಗ್ರಿ. ಸಾಮಾನ್ಯ ಫ್ಲೇರ್ (ಅಗಲಿಸಿದ ಪೈಪಿನ ಬಾಯಿ) 45. ಕೆಲವು ಅಳತೆಗಳಲ್ಲಿ ಎರಡರ ತಿರುಪಿನ ಥ್ರೆಡ್ಡೂ ಒಂದೇ ಆಗಿರುವುದರಿಂದ ಸಲೀಸಾಗಿ ಕೂತುಬಿಡುತ್ತದೆ. ಕೂತಿತು ಅಂತ ಸರಿಹೋಯಿತು ಅಂದುಕೊಳ್ಳಬೇಡಿ, ಅದು ಸೋರುತ್ತದೆ.

ಫಿಲ್ಟರ್: ಪಂಪಿನ ಮುಂಚೆ ದೊಡ್ಡ ಕಣ್ಣಿನ 100 ಮೈಕ್ರಾನ್, ಪಂಪಿನ ನಂತರ ಸಣ್ಣ ಕಣ್ಣಿನ 10 ಮೈಕ್ರಾನ್. ತಿರುಗಾಮುರುಗಾ ಹಾಕಿದರೆ ಪಂಪು ಮತ್ತೆ ಎಳೆಯಲು ಒದ್ದಾಡುತ್ತದೆ. ಟ್ಯಾಂಕಿನ ಗಾಳಿದಾರಿ ಮುಚ್ಚಿಲ್ಲ ಅನ್ನುವುದನ್ನೂ ನೋಡಿಕೊಳ್ಳಿ.

ವೈರಿಂಗ್‌ನಲ್ಲಿ ನನ್ನದು ಒಂದೇ ಒತ್ತಾಯ. ಪಂಪನ್ನು ನೇರ ಇಗ್ನಿಷನ್ ಸ್ವಿಚ್ಚಿಗೆ ಕಟ್ಟಬೇಡಿ. ರಿಲೇ (ಸಣ್ಣ ವಿದ್ಯುತ್ತಿನಿಂದ ನಡೆಯುವ ಸ್ವಿಚ್), ಫ್ಯೂಸ್ ಹಾಕಿ, ರಿಲೇಯ ಹಿಡಿತ ಇಸಿಯು ಕೈಗೆ ಕೊಡಿ. ಕೀ ತಿರುಗಿಸಿದಾಗ ಇಸಿಯು ಪಂಪನ್ನು ಸುಮಾರು 2 ಸೆಕೆಂಡ್ ಓಡಿಸಿ ನಿಲ್ಲಿಸುತ್ತದೆ. ಎಂಜಿನ್ ತಿರುಗುತ್ತಿದೆ ಅಂತ ಗೊತ್ತಾದರೆ ಮಾತ್ರ ಮತ್ತೆ ಓಡಿಸುತ್ತದೆ. ನೇರ ಕಟ್ಟಿದ ಕಾರು ಎಲ್ಲಾದರೂ ಗುದ್ದಿ, ಪೈಪು ಹರಿದು, ಎಂಜಿನ್ ನಿಂತರೂ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಗುದ್ದಿದಾಗ ತಾನೇ ಕಡಿತವಾಗುವ ಇನರ್ಷಿಯಾ ಸ್ವಿಚ್ ಕೂಡ ಸಿಗುತ್ತದೆ, ಹಾಕಿಸಿ.

ಎಲ್ಲಾ ಆದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಲು ಆತುರ ಪಡಬೇಡಿ. ಒತ್ತಡ ತೋರಿಸುವ ಗೇಜ್ ಜೋಡಿಸಿ, ಕೀ ಆನ್, ಆಫ್, ಮತ್ತೆ ಆನ್. ಒತ್ತಡ ಏರಲಿ. ಟಾರ್ಚ್ ಹಿಡಿದು ಒಂದೊಂದೇ ಜಾಯಿಂಟ್ ಒಣಗಿದ ಬಟ್ಟೆಯಿಂದ ಒರೆಸಿ ನೋಡಿ, ಟ್ಯಾಂಕಿನಿಂದ ಶುರುಮಾಡಿ. ಹೊರಗೆಲ್ಲೂ ಒದ್ದೆಯಿಲ್ಲದೆ ಗೇಜ್ ಮುಳ್ಳು ತಟಕ್ಕನೆ ಬಿದ್ದರೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ), ರೆಗ್ಯುಲೇಟರ್ ಅಥವಾ ಟ್ಯಾಂಕಿನೊಳಗಿನ ಆ ಬೆರಳುದ್ದದ ಹೋಸ್ ನೋಡಿ. ಅಲ್ಲೆಲ್ಲ ಸರಿಯಿದ್ದರೆ ಇಂಜೆಕ್ಟರ್ ಸೋರುತ್ತಿದೆಯೇನೋ ಪರೀಕ್ಷಿಸಿ.