ಉಂಡು ಸೊನ್ನೆ: ನನ್ನ ಜರ್ಮನ್ ಒಳಗೆ ಬಚ್ಚಿಟ್ಟುಕೊಂಡಿದ್ದ ಕನ್ನಡ

ಈಗ ಕೇಳಿಸ್ತಲ್ಲ, ಅದು ನನ್ನದೇ ದನಿ. ಎರಡು ವರ್ಷ ಹಳೇ ರೆಕಾರ್ಡಿಂಗು. ಓದ್ತಾ ಇರೋದು ಈಸೋಪನ ಕಥೆ. ಉತ್ತರದ ಗಾಳಿಗೂ ಸೂರ್ಯನಿಗೂ ಪಂದ್ಯ ಬೀಳುತ್ತಲ್ಲ, ದಾರಿಹೋಕನ ಮೈಮೇಲಿನ ಕೋಟು ಯಾರು ಬಿಚ್ಚಿಸ್ತಾರೆ ಅಂತ, ಅದೇ ಕಥೆ. ಜರ್ಮನ್‌ನಲ್ಲಿ ಇದರ ಹೆಸರು 'ನೊರ್ಟ್‌ವಿಂಟ್ ಉಂಟ್ ಜ಼ೊನೆ'. ನಾನು ಓದಿರೋದು ಹೇಗೆ ಗೊತ್ತಾ? 'ನಾರ್ಡ್‌ವಿಂಡು ಉಂಡು ಸೊನ್ನೆ'.

ಉಂಡು ಸೊನ್ನೆ. ಪೂರ್ತಿ ಉಂಡಾಯ್ತು, ಎಲೆ ಮೇಲೆ ಏನೂ ಉಳಿದಿಲ್ಲ ಅನ್ನೋ ಹಾಗೆ.

ಈ ಕಥೇನೇ ಯಾಕೆ ಆರಿಸಿಕೊಂಡೆ ಅಂದ್ರೆ, ಧ್ವನಿಶಾಸ್ತ್ರದೋರು ಬೇರೆ ಬೇರೆ ಭಾಷೆಗಳ ಉಚ್ಚಾರಣೆ ದಾಖಲಿಸೋಕೆ ಬಹಳ ಕಾಲದಿಂದ ಇದನ್ನೇ ಓದಿಸ್ತಾರೆ. ಚಿಕ್ಕದು, ಅಷ್ಟರಲ್ಲೇ ಬೇಕಾದ ಸದ್ದು ಬಹುಪಾಲು ಬಂದುಬಿಡುತ್ತೆ. ನನ್ನ ಪಾಲಿಗಂತೂ ಶೀರ್ಷಿಕೆ ಒಂದೇ ಸಾಕಾಯ್ತು. ನನ್ನ ಉಚ್ಚಾರಣೆಯ ಎಲ್ಲಾ ರೋಗಾನೂ ಆ ಮೂರೇ ಪದದಲ್ಲಿತ್ತು.

ಇದು ದಕ್ಷಿಣ ಜರ್ಮನಿಯ ಟ್ಯೂಬಿಂಗೆನ್ ಊರು. ನೆಕಾರ್ ನದಿ ಮಧ್ಯದ ದ್ವೀಪದಲ್ಲಿ ಈ ಮರಗಳ ಸಾಲು ಇದೆ ನೋಡಿ, ಪ್ಲಾಟಾನೆನ್‌ಅಲೀ ಅಂತಾರೆ. ನನ್ನ ಅಭ್ಯಾಸದ ಜಾಗ ಇದೇ. ಒಬ್ಬಳೇ ಗೊಣಗಿಕೊಂಡು ನಡೀತೀನಿ. ಮೊದಮೊದಲು ನಾಚಿಕೆ ಆಗ್ತಿತ್ತು. ಆಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೆ. ಫೋನಲ್ಲಿ ಮಾತಾಡ್ತಿದ್ದಾಳೆ ಅಂದುಕೊಂಡು ಯಾರೂ ತಿರುಗಿ ನೋಡಲ್ಲ.

ನಾನು ಜರ್ಮನ್ ಕಲಿಯೋಕೆ ಶುರು ಮಾಡಿದ್ದು ಮೂವತ್ತು ದಾಟಿದ ಮೇಲೆ. ಬಿ2 ಅನ್ನೋ ಮೇಲ್ಮಧ್ಯಮ ಮಟ್ಟದ ಭಾಷಾ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟೂ ಬಂತು. ಬೇಕರಿಗೆ ಹೋಗಿ ಒಂದು ವಾಕ್ಯ ಜರ್ಮನ್‌ನಲ್ಲಿ ಹೇಳಿದ್ರೆ ಮಾತ್ರ ಉತ್ತರ ಇಂಗ್ಲಿಷ್‌ನಲ್ಲಿ ಬರೋದು. ವ್ಯಾಕರಣ ತಪ್ಪಿಲ್ಲ, ಪದ ತಪ್ಪಿಲ್ಲ. ಪಾಪ, ಅವರಿಗೂ ಒಳ್ಳೇ ಉದ್ದೇಶವೇ. ಆದ್ರೂ ಮುಖದ ಮೇಲೆ ಬಾಗಿಲು ಹಾಕಿದ ಹಾಗಾಗುತ್ತೆ.

ಆಗ ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಆರು ತಿಂಗಳು ಕಷ್ಟದ ಸದ್ದುಗಳ ಹಿಂದೆ ಬಿದ್ದೆ. 'ಉ' ಮೇಲೆ ಎರಡು ಚುಕ್ಕೆ ಇಟ್ಟ ಸ್ವರ ಇದೆಯಲ್ಲ, ಅದಕ್ಕೆ ಉಪಾಯ ಸುಲಭ. 'ಈ' ಅನ್ನಿ, ನಾಲಿಗೆ ಅಲ್ಲಾಡಿಸಬೇಡಿ, ತುಟಿ ಮಾತ್ರ 'ಊ' ಅನ್ನೋ ಥರ ಮುಂದಕ್ಕೆ ಚಾಚಿ. ಬಂತಲ್ಲ? ಹಾಗೇ 'ಏ' ಅಂತ 'ಓ' ತುಟಿ ಮಾಡಿದ್ರೆ ಚುಕ್ಕೆ ಇರೋ 'ಓ'. ಇನ್ನು 'ಇಚ್'ನೂ ಅಲ್ಲದ 'ಇಶ್'ಶೂ ಅಲ್ಲದ ಆ ಸದ್ದು. 'ಯ' ಅಕ್ಷರವನ್ನ ಪಿಸುಗುಟ್ಟಿದ್ರೆ ಅದೇ. ಒಂದು ತಿಂಗಳಲ್ಲಿ ಕೂಡಿ ಬರುತ್ತೆ.

ಇದೆಲ್ಲ ಬಂತು, ಬೇಕರಿಯಲ್ಲಿ ಇಂಗ್ಲಿಷ್ ಮಾತ್ರ ನಿಲ್ಲಲಿಲ್ಲ.

ಕೊನೆಗೆ ಇಲ್ಲಿನ ಒಬ್ಬ ಗೆಳತಿಗೆ ಆ ರೆಕಾರ್ಡಿಂಗ್ ಕೇಳಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ಪ್ರತಿ ಪದದ ಹಿಂದೆ ಒಂದು ಸಣ್ಣ 'ಉ' ಬಾಲ ಅಂಟಿಸ್ತೀಯಲ್ಲ, ಅದು ಯಾಕೆ?

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬಸ್ಸು, ಕಾರು, ರೋಡು, ಫೋನು, ಬ್ಯಾಂಕು. ಯಾವ ಭಾಷೆಯಿಂದ ಪದ ಬಂದ್ರೂ ಕನ್ನಡ ಅದಕ್ಕೊಂದು 'ಉ' ಕೊಟ್ಟು ಕೂರಿಸುತ್ತೆ. ವ್ಯಂಜನದ ಮೇಲೆ ಪದ ನಿಂತುಬಿಟ್ರೆ ನಮ್ಮ ಬಾಯಿಗೆ ಅದು ಅರ್ಧಕ್ಕೇ ಬಿಟ್ಟ ಕೆಲಸ ಅನ್ನಿಸುತ್ತೆ. ಜರ್ಮನ್ ಇದಕ್ಕೆ ತದ್ವಿರುದ್ಧ. ಅಲ್ಲಿ ಪದದ ಕೊನೆ ಅಂದ್ರೆ ಬಾಗಿಲು ದಡಕ್ಕನೆ ಮುಚ್ಚಿದ ಹಾಗೆ. ಬರೀ ಮುಚ್ಚೋದಲ್ಲ, ಬ ಇದ್ದಿದ್ದು ಪ ಆಗುತ್ತೆ, ಡ ಇದ್ದಿದ್ದು ಟ, ಗ ಇದ್ದಿದ್ದು ಕ. ಇದಕ್ಕೆ ಅವರು ಔಸ್‌ಲೌಟ್‌ಫರ್‌ಹೆರ್ಟುಂಗ್ ಅಂತ ಹೆಸರಿಟ್ಟಿದ್ದಾರೆ, ಹೇಳುವಾಗಲೇ ಬಾಯಿಗೆ ವ್ಯಾಯಾಮ. ನಾಯಿಗೆ 'ಹುಂಡ್' ಅಂತ ಬರೀತಾರೆ, 'ಹುಂಟ್' ಅಂತ ಹೇಳ್ತಾರೆ. ಚಕ್ರ ಅನ್ನೋ 'ರಾಡ್', ಸಲಹೆ ಅನ್ನೋ 'ರಾಟ್', ಎರಡೂ ಕಿವಿಗೆ ಒಂದೇ. ನಾನು 'ಹುಂಡು' ಅಂದಾಗ ಎದುರಿನವರಿಗೆ ಕೇಳಿಸ್ತಿದ್ದದ್ದು ನಾಯಿ ಅಲ್ಲ, ಅವರ ಭಾಷೆಯಲ್ಲೇ ಇಲ್ಲದ ಯಾವುದೋ ಪದ.

ಬಾಲ ಕತ್ತರಿಸೋಕೆ ಮೂರು ತಿಂಗಳು ಹಿಡೀತು. ಪದ ಮುಗಿದ ಕೂಡಲೇ ಮುಷ್ಟಿ ಗಟ್ಟಿ ಹಿಡಿಯೋದು, ಅಷ್ಟೇ ಉಪಾಯ. 'ಹುಂಟ್', ಮುಷ್ಟಿ. 'ಉಂಟ್', ಮುಷ್ಟಿ. ಕೈ ನಿಂತ್ರೆ ಗಂಟಲೂ ನಿಲ್ಲುತ್ತೆ.

ಮುಂದಿನದು ಸೊನ್ನೆ. ಇಲ್ಲಿ ಕನ್ನಡ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ಕೊಳ್ಳುತ್ತೆ. ಕೊಟ್ಟಿದ್ದು ಹ್ರಸ್ವ, ದೀರ್ಘ. 'ಶ್ಟಟ್' ಅಂದ್ರೆ ನಗರ, 'ಶ್ಟಾಟ್' ಅಂದ್ರೆ ರಾಜ್ಯ. 'ಒಫೆನ್' ಅಂದ್ರೆ ತೆರೆದಿರೋದು, 'ಓಫೆನ್' ಅಂದ್ರೆ ಒಲೆ. ನನ್ನ ಕ್ಲಾಸಲ್ಲಿ ಬೇರೆ ದೇಶದವರು ಇದಕ್ಕೆ ತಲೆ ಚಚ್ಚಿಕೊಳ್ತಿದ್ರು, ನನಗೆ ಅದು ಬಲ, ಬಾಲ ಇದ್ದ ಹಾಗೆ. ಕಿತ್ಕೊಂಡಿದ್ದು ಒತ್ತಕ್ಷರದ ವಿಷಯದಲ್ಲಿ. ಜರ್ಮನ್ ಬರಹದಲ್ಲಿ 'ಜ಼ೊನೆ'ಗೆ ಎರಡು ನ ಇದೆ. ಎರಡು ನ ಕಂಡ ಕೂಡಲೇ ನಾವು ಮನೆ, ಸೊನ್ನೆ ಅಂತ ವ್ಯತ್ಯಾಸ ಮಾಡಿದ ಹಾಗೆ ಅದರ ಮೇಲೆ ಕೂತುಬಿಡ್ತೀವಿ. ಅವರಿಗೆ ಆ ಎರಡನೇ ನ ಬರೀ ಸೂಚನಾ ಫಲಕ: ಹಿಂದಿನ ಸ್ವರ ಗಿಡ್ಡ, ಎಳೀಬೇಡಿ ಅಂತ. ಉಚ್ಚಾರಣೆಯಲ್ಲಿ ನ ಒಂದೇ. 'ಕೊಮ್ಮೆನ್' ಅಲ್ಲ, 'ಕೊಮೆನ್'. 'ಬಿಟ್ಟೆ' ಅಲ್ಲ, 'ಬಿಟೆ'. ದಿನಕ್ಕೆ ಐವತ್ತು ಸಲ ದಯವಿಟ್ಟು ಅನ್ನೋ ಬದಲು ಬಿಟ್ಟೆ, ಬಿಟ್ಟೆ ಅಂತಿದ್ದೆ ನಾನು. ಬಿಟ್ಟಿರಲಿಲ್ಲ, ಅದೇ ತೊಂದರೆ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕಳ್ಳ ಅಂದ್ರೆ ಸಂಧಿ. ಹೈಸ್ಕೂಲಲ್ಲಿ ಲೋಪ, ಆಗಮ, ಆದೇಶ ಅಂತ ಬಾಯಿಪಾಠ ಮಾಡಿದ್ವಲ್ಲ, ಅದು ಬರೀ ಪುಸ್ತಕದ ವ್ಯಾಕರಣ ಅಂದುಕೊಂಡಿದ್ದೆ. ಅದು ಬಾಯೊಳಗೇ ಇದೆ. ಒಂದು ಪದದ ಕೊನೆಯನ್ನ ಮುಂದಿನ ಪದದ ಸ್ವರಕ್ಕೆ ಹೊಲಿದುಬಿಡೋದು ನಮಗೆ ಉಸಿರಾಟದಷ್ಟು ಸಹಜ. ಎಂಟು ಗಂಟೆಗೆ ಅನ್ನೋಕೆ ಜರ್ಮನ್‌ನಲ್ಲಿ 'ಉಮ್ ಅಖ್ಟ್ ಊರ್'. ನಾನು ಹೇಳ್ತಿದ್ದದ್ದು 'ಉಮಖ್ಟೂರ್'. ಯಾವುದೋ ತಾಲೂಕಿನ ಊರಿನ ಹೆಸರಿದ್ದ ಹಾಗಿಲ್ವಾ? ಜರ್ಮನ್ನರು ಸ್ವರದಿಂದ ಶುರುವಾಗೋ ಪದದ ಮುಂದೆ ಗಂಟಲಲ್ಲಿ ಸಣ್ಣಗೆ ಒಂದು ಚಿಟಿಕೆ ಹೊಡೀತಾರೆ. ಕ್ನಾಕ್‌ಲೌಟ್ ಅಂತ ಅದರ ಹೆಸರು. ಕೆಮ್ಮೋಕೆ ಮುಂಚೆ ಗಂಟಲು ಮುಚ್ಚಿಕೊಳ್ಳುತ್ತಲ್ಲ, ಅದೇ ಜಾಗ.

ಅದು ಇಲ್ಲದಿದ್ರೆ ಏನಾಗುತ್ತೆ ಅಂತೀರಾ? ಒಂದು ಚಳಿಗಾಲದ ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಮಂಜು ಹೆಪ್ಪುಗಟ್ಟಿತ್ತು. ಅದಕ್ಕೆ 'ಫೆರ್', ಒಂದು ಚಿಟಿಕೆ, 'ಐಸ್ಟ್' ಅನ್ನಬೇಕು. ನಾನು ಹೊಲಿದು 'ಫೆರೈಸ್ಟ್' ಅಂದೆ. ಅಂದ್ರೆ ಪ್ರವಾಸ ಹೋಗಿದೆ ಅಂತ. ಕ್ಷಮಿಸಿ, ತಡವಾಯ್ತು, ನಮ್ಮ ಕಾರಿನ ಗಾಜು ಪ್ರವಾಸ ಹೋಗಿದೆ.

ಇದರದ್ದೇ ಇನ್ನೊಂದು ಮುಖ. ನಾವು 'ಎರಡು' ಅಂತ ಬರೀತೀವಿ, 'ಯೆರಡು' ಅಂತೀವಿ. 'ಒಂದು' ಬಾಯಲ್ಲಿ 'ವೊಂದು'. ಹಾಗಾಗಿ ಜರ್ಮನ್‌ನ 'ಎಸೆನ್' ನನ್ನ ಬಾಯಲ್ಲಿ 'ಯೆಸ್ಸೆನ್', 'ಓಡರ್' ಹೋಗಿ 'ವೋಡರ್'. ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ರೆಕಾರ್ಡಿಂಗ್ ನಿಧಾನ ಮಾಡಿ ಕೇಳಿದಾಗ ನಾನೇ ನನ್ನನ್ನ ಹಿಡಿದೆ.

ಆಮೇಲೆ ಒತ್ತು, ಅಂದ್ರೆ ಪದದಲ್ಲಿ ಯಾವ ಅಕ್ಷರವನ್ನ ಜೋರಾಗಿ ಹೇಳ್ತೀವಿ ಅನ್ನೋದು. ಕನ್ನಡದಲ್ಲಿ ಎಲ್ಲಾ ಅಕ್ಷರಕ್ಕೂ ಹೆಚ್ಚು ಕಮ್ಮಿ ಸಮಪಾಲು. ಪಂಕ್ತಿಯಲ್ಲಿ ಬಡಿಸಿದ ಹಾಗೆ, ಯಾರಿಗೂ ಮೋಸ ಇಲ್ಲ. ಜರ್ಮನ್‌ನಲ್ಲಿ ಒಂದು ಅಕ್ಷರಕ್ಕೆ ಮೃಷ್ಟಾನ್ನ, ಉಳಿದವಕ್ಕೆ ಎಂಜಲು. 'ಹಾಬೆನ್' ಅಂತ ಬರೆದಿದ್ದು ಮಾತಲ್ಲಿ 'ಹಾಬ್ಮ್' ಆಗಿ ಕುಸಿದು ಹೋಗುತ್ತೆ. ಡ್ರೈವಿಂಗ್ ಕಲೀತಿದ್ದಾಗ ನಡೆದಿದ್ದು ಇದು: ರಸ್ತೆ ಅಂಚಲ್ಲಿ ಒಬ್ಬ ಮನುಷ್ಯ ಬಗ್ಗಿ ಬೂಟಿನ ದಾರ ಕಟ್ಕೊಳ್ತಿದ್ದ. ಪಕ್ಕದಲ್ಲಿದ್ದವರು ಈಗೇನು ಮಾಡ್ತೀರಿ ಅಂತ ಕೇಳಿದ್ರು. ಅವನನ್ನ ಬಳಸಿಕೊಂಡು ಹೋಗ್ತೀನಿ ಅನ್ನಬೇಕಿತ್ತು. ಪದ 'ಉಮ್‌ಫಾರೆನ್', ಒತ್ತು 'ಫಾ' ಮೇಲೆ ಬೀಳಬೇಕು. ನಾನು ಮೊದಲ ಅಕ್ಷರ 'ಉಮ್' ಮೇಲೆ ಒತ್ತು ಹಾಕಿದೆ. ಹಾಗಂದ್ರೆ ಗುದ್ದಿ ಬೀಳಿಸ್ತೀನಿ ಅಂತ ಅರ್ಥ. ಅವರ ಕಾಲು ತಕ್ಷಣ ಅವರ ಕಡೆಯ ಬ್ರೇಕ್ ಮೇಲೆ ಹೋಯ್ತು.

ಮಹಾಪ್ರಾಣದ ಬಗ್ಗೆ ಜಾಸ್ತಿ ಎಳೆಯಲ್ಲ. ಒತ್ತು ಬಿದ್ದ ಕಡೆ ಪ, ಟ, ಕ ಬಂದ್ರೆ ಜರ್ಮನ್ನರು ಉಸಿರು ಚೆಲ್ತಾರೆ, ಕಾಫಿ ಅಲ್ಲಿ 'ಖಫೆ' ಇದ್ದ ಹಾಗೆ. ಬಾಯಿ ಮುಂದೆ ತೆಳು ಕಾಗದ ಹಿಡೀರಿ, ಅಲ್ಲಾಡಬೇಕು. ಇನ್ನು ಟ ಅನ್ನುವಾಗ ನಾಲಿಗೆ ಹಿಂದಕ್ಕೆ ಮಡಚಬಾರದು, ನಮ್ಮ ತ ಮತ್ತು ಟ ನಡುವೆ, ವಸಡಿನ ಹತ್ತಿರ ನಿಲ್ಲಿಸಿ. ಅಷ್ಟು ಸಾಕು.

ಬಿಟ್ಟುಬಿಟ್ಟಿದ್ದೂ ಇದೆ. 'ಜ಼ೊನೆ'ಯ ಆ ಜೇನುಹುಳದಂಥ ಜ಼ಕಾರಕ್ಕೆ ವಾರಗಟ್ಟಲೆ ಬೆವರು ಸುರಿಸಿದೆ. ಆಮೇಲೆ ನೋಡಿದ್ರೆ ದಕ್ಷಿಣ ಜರ್ಮನಿಯಲ್ಲಿ, ಆಸ್ಟ್ರಿಯಾದಲ್ಲಿ ಜನ ಆರಾಮಾಗಿ ಸಕಾರ ಹೇಳ್ತಾರೆ, ಇಲ್ಲಿ ನನ್ನ ನೆರೆಮನೆಯೋರೂ ಸೇರಿ. ರಕಾರವೂ ಅಷ್ಟೆ. ಗಂಟಲಿಂದ ರ ಬರಿಸೋಕೆ ಹೋಗಿ ಬಾಯಿ ಮುಕ್ಕಳಿಸಿದ ಹಾಗಾಗ್ತಿತ್ತು. ಆದ್ರೆ 1898ರಲ್ಲಿ ಭಾಷಾತಜ್ಞ ಥಿಯೊಡೋರ್ ಜ಼ೀಬ್ಸ್ ರಂಗಭೂಮಿಗೆ ಉಚ್ಚಾರಣೆಯ ಮಾದರಿ ಕಟ್ಟಿಕೊಟ್ಟಾಗ ಬೇಕು ಅಂದಿದ್ದು ನಾಲಿಗೆ ತುದಿಯ ರಕಾರವನ್ನೇ. ಅಂದ್ರೆ ನಮ್ಮ ರ. ಬವೇರಿಯಾದಲ್ಲಿ ಇವತ್ತಿಗೂ ಅದು ಕೇಳಿಸುತ್ತೆ. ಪದದ ಕೊನೆಯ ರ ಮಾತ್ರ ಕರಗಿಸಿ: 'ಬೆಸರ್' ಅಲ್ಲ, 'ಬೆಸ'. ಉಳಿದ ಕಡೆ ರ ಉರುಳಿಸಿದ್ರೆ ಯಾರಿಗೂ ಅರ್ಥ ಆಗದೆ ಇರಲ್ಲ.

ಅರ್ಥ ಆಗೋದೇ ಬೇರೆ, ಉಚ್ಚಾರಣೆ ಪರಕೀಯ ಅನ್ನಿಸೋದೇ ಬೇರೆ. ಮನ್ರೋ ಮತ್ತು ಡರ್ವಿಂಗ್ ಅನ್ನೋ ಇಬ್ಬರು ಸಂಶೋಧಕರು 1995ರಲ್ಲೇ ಇದನ್ನ ತೋರಿಸಿದ್ರು: ಕೇಳುಗರು ತುಂಬಾ ವಿದೇಶಿ ಅನ್ನಿಸ್ತು ಅಂತ ಅಂಕ ಕೊಟ್ಟ ಮಾತನ್ನೂ ಬಹಳ ಸಲ ಪದ ಬಿಡದೆ ಬರೆದುಕೊಂಡಿದ್ರು. ಹಾಗಾಗಿ ನನ್ನ ಪಟ್ಟಿಯಲ್ಲಿ ಉಳಿಸಿಕೊಂಡಿದ್ದು ಕೇಳುವವರು ಎಡವೋ ಜಾಗಗಳನ್ನ ಮಾತ್ರ.

ಇದೇ ಊರಲ್ಲಿ 1903ರಲ್ಲಿ ಫರ್ಡಿನಂಡ್ ಕಿಟ್ಟೆಲ್ ತೀರಿಕೊಂಡ್ರು. ಹೌದು, ನಮ್ಮ ನಿಘಂಟಿನ ಕಿಟ್ಟೆಲ್. 1853ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ನಮ್ಮ ಕಡೆ ಬಂದವರು. 1894ರಲ್ಲಿ ಆ ನಿಘಂಟು ಮಂಗಳೂರಿನಲ್ಲಿ ಅಚ್ಚಾಯ್ತು. ಈ ಸಾಲುಮರಗಳ ಕೆಳಗೆ ನಡೀವಾಗ ನಾನು ಸುಮ್ಮನೆ ಊಹಿಸ್ಕೊಳ್ತೀನಿ: ಆ ಮನುಷ್ಯ ಮೊದಲ ಸಲ ಳಕಾರ ಹೇಳೋಕೆ ಹೋದಾಗ ನಾಲಿಗೆ ಎಷ್ಟು ಸಲ ಜಾರಿರಬಹುದು!

ದಿನಚರಿ ಕೇಳ್ತೀರಿ ಅಂತ ಗೊತ್ತು. ರಾತ್ರಿ ಎಂಟಕ್ಕೆ ಟಾಗೆಸ್‌ಶೌ, ಹದಿನೈದು ನಿಮಿಷದ ವಾರ್ತೆ. 1952ರಿಂದ ಬರ್ತಿದೆ. ಅದರಲ್ಲಿ ಒಂದೇ ಒಂದು ವಾಕ್ಯ ಹಿಡ್ಕೊಳ್ತೀನಿ. ಅರ್ಥ ಬಿಟ್ಟು ರಾಗ ಮಾತ್ರ ಮೊದಲು ಗುನುಗ್ತೀನಿ, ಆಮೇಲೆ ಪದ ತುಂಬ್ತೀನಿ, ಆಮೇಲೆ ಓದುವವರ ಜೊತೆಜೊತೆಗೇ ಹೇಳ್ತೀನಿ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚ ವೆಲೆಯವರ ನಿಧಾನಗತಿಯ ವಾರ್ತೆಯೂ ಇದೆ, ಕೇಳಿ ಅರ್ಥ ಮಾಡ್ಕೊಳ್ಳೋಕೆ ಚಿನ್ನದಂಥದ್ದು. ಅನುಕರಣೆಗೆ ಮಾತ್ರ ನಾನು ಬೇಡ ಅಂತೀನಿ. ನಿಧಾನ ಮಾಡಿದಾಗ ಎಂಜಲು ತಿನ್ನೋ ಅಕ್ಷರಗಳೂ ಎದ್ದು ಕೂರ್ತವೆ, ನಾವು ಮತ್ತೆ ಪಂಕ್ತಿ ಊಟಕ್ಕೆ ವಾಪಸ್. ಭಾನುವಾರ ಅದೇ ಗಾಳಿ, ಸೂರ್ಯನ ಕಥೆ ಓದಿ ರೆಕಾರ್ಡ್ ಮಾಡ್ತೀನಿ.

ಕಳೆದ ಭಾನುವಾರದ್ದು ಇದು, ಕೇಳಿ. 'ನೊರ್ಟ್‌ವಿಂಟ್', ಚಿಟಿಕೆ, 'ಉಂಟ್ ಜ಼ೊನೆ'. ನಡುವೆ ಒಂದು ಕಡೆ ಕೋಟು ಅನ್ನೋ 'ಮಂಟೆಲ್' ಹೋಗಿ 'ಮಂಟೆಲು' ಆಗಿದೆ, ಅದನ್ನ ಎಡಿಟ್ ಮಾಡಿಲ್ಲ.

ಅದು ಮುಗಿಸಿದ ಬೆನ್ನಿಗೇ ಅಮ್ಮನಿಗೆ ಫೋನ್ ಮಾಡಿದ್ದೆ. ಬಾಯಿ ಇನ್ನೂ ಜರ್ಮನ್ ಲಯದಲ್ಲೇ ಇತ್ತು ಅನ್ಸುತ್ತೆ. ಈಗ ತಾನೇ ಖಾಫಿ ಕುಡ್ದ್ ಬಂದ್, ಬಸ್ ಸ್ಟಾಪಲ್ ನಿಂತಿದೀನಿ ಅಂದೆ. ಅಮ್ಮ ಒಂದು ಕ್ಷಣ ಸುಮ್ಮನಿದ್ದು ಕೇಳಿದ್ಲು: "ಏನೇ, ನೆಗಡಿ ಆಗಿದ್ಯಾ?"