ಸಕ್ಕರೆ ಏರುವ ಮುಂಚೆ

ಕೇಳುಗರಿಗೆ ನಮಸ್ಕಾರ.

ಎಂಟು ವರ್ಷದ ಹುಡುಗಿ. ರಾತ್ರಿ ನಾಲ್ಕು ಸಲ ಎದ್ದು ಚೊಂಬುಗಟ್ಟಲೆ ನೀರು ಕುಡಿಯುತ್ತಾಳೆ. ಎಂದೋ ನಿಂತಿದ್ದ ಹಾಸಿಗೆ ಒದ್ದೆಯಾಗುವುದು ಮತ್ತೆ ಶುರುವಾಗಿದೆ. ಚೆನ್ನಾಗಿ ಉಣ್ಣುತ್ತಾಳೆ, ಆದರೂ ಯೂನಿಫಾರ್ಮ್ ಸೊಂಟದಲ್ಲಿ ನಿಲ್ಲುತ್ತಿಲ್ಲ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ 400 ದಾಟಿದೆ. ಇಂಥ ಹೊತ್ತಲ್ಲಿ ತಾಯಂದಿರು ಕೇಳುವುದು ಒಂದೇ ಮಾತು: "ಹಬ್ಬದಲ್ಲಿ ಹೋಳಿಗೆ ಜಾಸ್ತಿ ತಿನ್ನಿಸಿಬಿಟ್ಟೆ, ಅದಕ್ಕೇ ಬಂತಾ?"

ಇಲ್ಲಮ್ಮ. ಟೈಪ್ 1 ಡಯಾಬಿಟಿಸ್ ಹೋಳಿಗೆಯಿಂದ ಬರುವುದಿಲ್ಲ. ಆ ಹಬ್ಬಕ್ಕೆ ಎಷ್ಟೋ ತಿಂಗಳು, ಕೆಲವರಲ್ಲಿ ವರ್ಷಗಳ ಮುಂಚೆಯೇ ಅದು ಒಳಗೆ ಶುರುವಾಗಿರುತ್ತದೆ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಿಸುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು. ರೋಗಾಣುಗಳಿಂದ ಮೈ ಕಾಯಬೇಕಾದ ಶಕ್ತಿಯೇ ಅವನ್ನು ನಾಶ ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇದ ಹಾಗೆ.

ಇದರಲ್ಲಿ ವಂಶವಾಹಿಗಳ ಪಾಲಿದೆ. ತನ್ನದು ಯಾವುದು, ಹೊರಗಿನದು ಯಾವುದು ಎಂದು ಗುರುತಿಸಲು ಮೈಗೆ ನೆರವಾಗುವ, ಆರನೇ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ ಜೀನ್‌ಗಳದ್ದು ಅದರಲ್ಲಿ ದೊಡ್ಡ ಪಾಲು. ಆದರೆ ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬಂದೇ ಬರುತ್ತದೆ ಎನ್ನುವ ಹಾಗಿಲ್ಲ. ಈ ಕಾಯಿಲೆ ಬಂದ ಹೆಚ್ಚಿನ ಮಕ್ಕಳ ಮನೆಯಲ್ಲಿ ಬೇರೆ ಯಾರಿಗೂ ಇದು ಇರುವುದಿಲ್ಲ. ಇನ್ನೊಂದು ಮಾತು, ಮನೆಯವರೆಲ್ಲ ಕೇಳಿಸಿಕೊಳ್ಳಿ: ತಾಯಿಗಿಂತ ತಂದೆಗೆ ಇದು ಇದ್ದಾಗಲೇ ಮಗುವಿಗೆ ಬರುವ ಸಾಧ್ಯತೆ ತುಸು ಜಾಸ್ತಿ. ಸುಮ್ನೆ ಸೊಸೆಯ ತವರನ್ನು ದೂರಬೇಡಿ.

ಇನ್ಸುಲಿನ್ ಕುಗ್ಗುವುದು ಹೇಗೆ ಗೊತ್ತಾ? ಬತ್ತುತ್ತಿರುವ ಬೋರ್‌ವೆಲ್ ನೋಡಿದ್ದೀರಲ್ವಾ? ನೀರೇನೋ ಬರುತ್ತಿರುತ್ತದೆ, ಮೋಟಾರ್ ಹಾಕಿದೊಡನೆ ಚಿಮ್ಮುತ್ತಿದ್ದ ರಭಸ ಮಾತ್ರ ಇರುವುದಿಲ್ಲ. ಆರೋಗ್ಯವಂತರ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟರೆ ಮೊದಲ ಹತ್ತು ನಿಮಿಷದಲ್ಲೇ ಇನ್ಸುಲಿನ್ ಚಿಮ್ಮುತ್ತದೆ. ಕಾಯಿಲೆಯ ಹಾದಿ ಹಿಡಿದವರಲ್ಲಿ ಮೊದಲು ಸೊರಗುವುದು ಆ ಚಿಮ್ಮುವಿಕೆ. ಖಾಲಿ ಹೊಟ್ಟೆಯ ಸಕ್ಕರೆ ಆಗಲೂ ಸರಿಯಾಗಿಯೇ ಇರಬಹುದು.

ಅದಕ್ಕೂ ಮುಂಚಿನ ಸುಳಿವು ರಕ್ತದಲ್ಲಿ ಸಿಗುವ ಆಟೋ ಆಂಟಿಬಾಡಿಗಳು, ಅಂದರೆ ಮೈಯ ಸ್ವಂತ ಕೋಶಗಳ ಮೇಲೇ ತಿರುಗಿಬಿದ್ದ ಪ್ರತಿಕಾಯಗಳು. ಇಂಥವು ಎರಡು ಅಥವಾ ಹೆಚ್ಚು ಬಗೆ ಕಂಡ ನೂರು ಮಕ್ಕಳಲ್ಲಿ ಸುಮಾರು 70 ಮಕ್ಕಳಿಗೆ ಹತ್ತು ವರ್ಷದೊಳಗೆ ಕಾಯಿಲೆ ಹೊರಬೀಳುತ್ತದೆ. ಈ ಹಂತ ದಾಟಿ ಸಕ್ಕರೆ ಏರುಪೇರಾಗತೊಡಗಿದವರಿಗೆಂದು 2022ರಲ್ಲಿ ಅಮೆರಿಕ ಟೆಪ್ಲಿಜುಮ್ಯಾಬ್ ಎಂಬ ಔಷಧಿಗೆ ಒಪ್ಪಿಗೆ ಕೊಟ್ಟಿತು. ಅದು ಕಾಯಿಲೆಯನ್ನು ಸುಮಾರು ಎರಡು ವರ್ಷ ಮುಂದೂಡಬಲ್ಲದು. ಪುಟ್ಟ ಮಗುವಿಗೆ ದಿನಾ ಇನ್ಸುಲಿನ್ ಸೂಜಿಯಿಲ್ಲದ ಎರಡು ವರ್ಷ ಅಂದರೆ ಅದೇನು ಸಣ್ಣದೇ?

ನಿಮ್ಮ ಮಗು ಆ ಹುಡುಗಿಯ ಹಾಗೆ ರಾತ್ರಿ ನೀರಿಗಾಗಿ ಏಳುತ್ತಿದ್ದರೆ ನಾಳೆ ಬೆಳಗ್ಗೆಯೇ ಬೆರಳಿನ ಒಂದು ಹನಿ ರಕ್ತ ಪರೀಕ್ಷೆ ಮಾಡಿಸಿ. ವಾಂತಿಯಾಗುತ್ತಿದ್ದರೆ, ಉಸಿರು ಏದುತ್ತಿದ್ದರೆ ಬೆಳಗಿನವರೆಗೂ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.