ಕಸದ ಗುಡ್ಡಕ್ಕೆ ಬೀಗ ಬಿದ್ದ ಮೇಲೆ

ಕೇಳುಗರೆಲ್ಲರಿಗೂ ನಮಸ್ಕಾರ.

ಊರ ಹೊರಗಿನ ಡಂಪಿಂಗ್ ಯಾರ್ಡ್ ಮುಚ್ಚಿ ಅಂತ ಸುತ್ತಲಿನ ಜನ ವರ್ಷಗಟ್ಟಲೆ ಕೇಳುತ್ತಾರೆ. ಕೊನೆಗೊಂದು ದಿನ ಲಾರಿಗಳು ಬರುವುದು ನಿಲ್ಲುತ್ತದೆ, ಗೇಟಿಗೆ ಬೀಗ ಬೀಳುತ್ತದೆ. ನಾನು ಇವತ್ತು ಮಾತಾಡುವುದು ಆ ಬೀಗದ ನಂತರ ಮಾಡಬೇಕಾದ ಕೆಲಸದ ಬಗ್ಗೆ. ಲಾರಿ ನಿಂತರೂ ಮಳೆ ನಿಲ್ಲುವುದಿಲ್ಲ, ಅಲ್ವಾ? ಗುಡ್ಡದೊಳಗೆ ವಿಷ ಇದ್ದರೆ ಅದನ್ನು ಹೊರಗೆ ತರುವುದು ಆ ಮಳೆಯ ನೀರೇ.

ನಮ್ಮ ಅವಳಿ ನಗರದ ಮಟ್ಟಿಗೆ ಕಸದ ಗುಡ್ಡ ಅಂದರೆ ಎರಡು ಹೆಸರು ನೆನಪಾಗುತ್ತವೆ. ಹುಬ್ಬಳ್ಳಿಯಲ್ಲಿ ಕಾರವಾರ ರಸ್ತೆಯದು, ಧಾರವಾಡದಲ್ಲಿ ಹೊಸಯಲ್ಲಾಪುರದ್ದು. ದಶಕಗಳ ಕಾಲ ಬೇರ್ಪಡಿಸದ ಕಸ ಅಲ್ಲಿ ಬಂದು ಬಿದ್ದಿದೆ. ಇವು ಕಾರ್ಖಾನೆ ವಿಷದ ಗುಂಡಿಗಳು ಅಂತ ನಾನು ಹೇಳುತ್ತಿಲ್ಲ. ಆದರೆ ಬೇರ್ಪಡಿಸದ ಕಸ ಅಂದರೆ ಯಾವ ಊರಿನದ್ದಾದರೂ ಏನೇನು ಸೇರಿರುತ್ತದೆ ನೋಡಿ. ಹಳೆಯ ಬ್ಯಾಟರಿಯಲ್ಲಿ ಸೀಸ. ಒಡೆದ ಟ್ಯೂಬ್‌ಲೈಟ್‌ನಲ್ಲಿ ಪಾದರಸ. ಗ್ಯಾರೇಜಿನ ಕರಿ ಎಣ್ಣೆ, ಬಣ್ಣದ ಡಬ್ಬಿ, ಕೀಟನಾಶಕದ ಬಾಟಲಿ, ಅವಧಿ ಮೀರಿದ ಔಷಧಿ. ಲೋಹಕ್ಕೆ ಲೇಪ ಹಾಕುವ, ಅಂದರೆ ಎಲೆಕ್ಟ್ರೋಪ್ಲೇಟಿಂಗ್ ಮಾಡುವ ಸಣ್ಣ ಶೆಡ್‌ಗಳಿದ್ದರೆ ಅಲ್ಲಿಯ ಕ್ರೋಮಿಯಂ ಇರುವ ಕೆಸರು. ಇದೆಲ್ಲ ಬಾಳೆಸಿಪ್ಪೆ, ಅನ್ನದ ಜೊತೆ ಒಂದೇ ಕಡೆ ಬೀಳುತ್ತದೆ.

ಆ ಬಾಳೆಸಿಪ್ಪೆಯನ್ನು ಸುಮ್ನೆ ನಿರಪಾಯಕಾರಿ ಅಂದುಕೊಳ್ಳಬೇಡಿ. ಅದು ಗಾಳಿ ಇಲ್ಲದ ಜಾಗದಲ್ಲಿ ಕೊಳೆಯುವಾಗ ಮೊದಮೊದಲು ಹುಳಿ ಹುಟ್ಟುತ್ತದೆ. ಆ ಹುಳಿಗೆ ಸೀಸ, ಕ್ಯಾಡ್ಮಿಯಂ, ಸತುವಿನಂಥ ಲೋಹಗಳು ಕರಗುತ್ತವೆ. ಹೀಗೆ ಹಸಿ ಕಸ ಒಣ ಕಸದ ವಿಷವನ್ನು ಬಿಡಿಸಿಕೊಡುತ್ತದೆ. ಮೇಲಿಂದ ಇಳಿಯುವ ಮಳೆನೀರು ಅದನ್ನೆಲ್ಲ ಎತ್ತಿಕೊಂಡು ಕಪ್ಪು ರಸವಾಗಿ ತಳ ಸೇರುತ್ತದೆ. ಎಂಜಿನಿಯರುಗಳು ಇದನ್ನು ಲೀಚೆಟ್ ಅನ್ನುತ್ತಾರೆ. ತಳದಲ್ಲಿ ತಡೆ ಇಲ್ಲದಿದ್ದರೆ ಈ ರಸ ಅಂತರ್ಜಲಕ್ಕೆ ಹೋಗುತ್ತದೆ. ನಮ್ಮ ದೇಶದ ಹಳೆಯ ಕಸದ ಗುಡ್ಡಗಳಲ್ಲಿ ಬಹುಪಾಲಿಗೆ ಆ ತಡೆ ಇಲ್ಲ.

ಎಷ್ಟು ನೀರು ಇಳಿಯಬಹುದು? ಒಂದು ಎಕರೆ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ ಅದು ಸುಮಾರು 40 ಸಾವಿರ ಲೀಟರ್ ನೀರು. 5 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 8 ಟ್ಯಾಂಕರ್. ಮುಂಗಾರಿನ ಒಂದು ಜೋರು ಸಂಜೆಯಲ್ಲಿ ಹತ್ತು ಎಕರೆ ಗುಡ್ಡದ ಮೇಲೆ ಬೀಳುವ ನೀರನ್ನು ನೀವೇ ಲೆಕ್ಕ ಹಾಕಿ. ಅದರಲ್ಲಿ ಒಂದಿಷ್ಟು ಹರಿದು ಹೋಗುತ್ತದೆ, ಒಂದಿಷ್ಟು ಆವಿಯಾಗುತ್ತದೆ. ಉಳಿದದ್ದು ಒಳಗೆ ಇಳಿಯುತ್ತದೆ.

ಹಾಗಾಗಿ ಹಳೆಯ ಗುಡ್ಡವನ್ನು ಭದ್ರ ಮಾಡುವ ಮೊದಲ ಕೆಲಸ ಅಗೆಯುವುದಲ್ಲ, ನೀರು ತಡೆಯುವುದು. ಸುತ್ತಲೂ ಕಾಲುವೆ ತೆಗೆದು ಮೇಲ್ಭಾಗದಿಂದ ಹರಿದು ಬರುವ ನೀರನ್ನು ಬೇರೆ ಕಡೆ ತಿರುಗಿಸಬೇಕು. ಆಮೇಲೆ ಮೇಲಿನ ಹೊದಿಕೆ. ನಮ್ಮ ರೈತರು ಮೇವಿನ ಬಣವೆ ಒಟ್ಟುವಾಗ ಮಳೆ ನಿಲ್ಲದೆ ಜಾರಿ ಹೋಗುವ ಹಾಗೆ ತಲೆ ಕಟ್ಟುತ್ತಾರಲ್ಲ, ಇಲ್ಲೂ ಬೇಕಾದದ್ದು ಅದೇ ಇಳಿಜಾರು. 2016ರ ಘನತ್ಯಾಜ್ಯ ನಿಯಮಗಳಲ್ಲಿ ಈ ಹೊದಿಕೆಯ ಅಳತೆ ಕೊಟ್ಟಿದ್ದರು. ಕೆಳಗೆ 60 ಸೆಂಟಿಮೀಟರ್ ಜೇಡಿ. ಅದರ ಮೇಲೆ ನೀರು ಬಸಿದು ಹೋಗಲು 15 ಸೆಂಟಿಮೀಟರ್ ಮರಳು ಅಥವಾ ಜಲ್ಲಿಯ ಪದರ. ಅದರ ಮೇಲೆ ಹುಲ್ಲು ಬೆಳೆಯಲು 45 ಸೆಂಟಿಮೀಟರ್ ಮಣ್ಣು. ಆ ಜೇಡಿ ಎಷ್ಟು ಬಿಗಿಯಾಗಿರಬೇಕು ಅಂದರೆ, ನೀರು ಅದರೊಳಗೆ ವರ್ಷಕ್ಕೆ ಹೆಚ್ಚುಕಡಿಮೆ 3 ಸೆಂಟಿಮೀಟರ್ ಮಾತ್ರ ಇಳಿಯಬೇಕು.

ಇಲ್ಲಿ ನಮ್ಮ ಭಾಗದವರು ಒಂದು ವಿಷಯ ಗಮನಿಸಬೇಕು. ಹುಬ್ಬಳ್ಳಿಯಿಂದ ಪೂರ್ವಕ್ಕೆ ನವಲಗುಂದ, ಗದಗದ ಕಡೆ ಹೋದರೆ ಎಲ್ಲಾ ಕಡೆ ಎರೆ ಭೂಮಿ. ಜೇಡಿ ಬೇಕು ಅಂದ ಕೂಡಲೇ ಯಾರಿಗಾದರೂ ಎರೆಮಣ್ಣು ನೆನಪಾಗುತ್ತದೆ. ಹಸಿಯಾಗಿದ್ದಾಗ ಅದು ನೀರನ್ನು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಏಪ್ರಿಲ್ ತಿಂಗಳಲ್ಲಿ ಎರೆ ಹೊಲ ನೋಡಿದವರಿಗೆ ಗೊತ್ತು, ಕೈ ಹೋಗುವಷ್ಟು ಅಗಲಕ್ಕೆ ಬಿರಿದಿರುತ್ತದೆ. ಕಸದ ಗುಡ್ಡದ ಮೇಲೆ ಬರೀ ಎರೆಮಣ್ಣು ಹಾಸಿ ಬಿಟ್ಟರೆ ಬೇಸಿಗೆಯಲ್ಲಿ ಬಿರಿಯುತ್ತದೆ. ಮೊದಲ ಮಳೆ ನೇರವಾಗಿ ಆ ಬಿರುಕಿನಲ್ಲಿ ಇಳಿಯುತ್ತದೆ. ಅದಕ್ಕೇ ಜೇಡಿ ಒಣಗದ ಹಾಗೆ ಮೇಲೆ ಸಾಕಷ್ಟು ಮಣ್ಣು, ಹುಲ್ಲು ಇರಬೇಕು. ಒಳಗೆ ಅಪಾಯಕಾರಿ ತ್ಯಾಜ್ಯ ಇರುವುದು ಗೊತ್ತಾದ ಜಾಗದಲ್ಲಂತೂ ಜೇಡಿಯ ಮೇಲೆ ಒಂದೂವರೆ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿ, ಅಂಚುಗಳನ್ನು ಬಿಸಿ ಮಾಡಿ ಬೆಸೆಯಬೇಕು.

ಇನ್ನೊಂದು ಶತ್ರು ಬಳ್ಳಾರಿ ಜಾಲಿ. ಪಾಳು ಜಾಗ ಸಿಕ್ಕರೆ ತಾನಾಗಿ ಬರುತ್ತದೆ. ಅದರ ಬೇರು ಬಹಳ ಆಳಕ್ಕೆ ಹೋಗುತ್ತದೆ, ಹೊದಿಕೆಯನ್ನು ತೂತು ಮಾಡುತ್ತದೆ. ಹಾಗೆಯೇ ಒಳಗಿನ ಕಸ ಕೊಳೆತಂತೆ ಗುಡ್ಡ ಕುಸಿಯುತ್ತದೆ, ಮೇಲೆ ತಗ್ಗು ಬೀಳುತ್ತದೆ, ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಪ್ರತಿ ವರ್ಷ ಜಾಲಿ ಕೀಳುವುದಕ್ಕೆ, ತಗ್ಗು ತುಂಬುವುದಕ್ಕೆ ಆಳು ಬೇಕು, ಹಣ ಬೇಕು. ಮುಚ್ಚಿದ ಮೇಲೆ ಕನಿಷ್ಠ 15 ವರ್ಷ ನೋಡಿಕೊಳ್ಳಬೇಕು ಅಂತ ಅದೇ ನಿಯಮಗಳು ಹೇಳಿದ್ದವು. ಉದ್ಘಾಟನೆಗೆ ಫೋಟೊ ಸಿಗುತ್ತದೆ, ಹದಿನೈದು ವರ್ಷದ ಜಾಲಿ ಕೀಳುವ ಕೆಲಸಕ್ಕೆ ಯಾರೂ ಬರುವುದಿಲ್ಲ. ನನಗೆ ಜಾಸ್ತಿ ಭಯ ಇರುವುದು ಇದರ ಬಗ್ಗೆಯೇ.

ನೋಡಿಕೊಳ್ಳದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಲವ್ ಕೆನಾಲ್ ಜಗತ್ತಿಗೇ ಗೊತ್ತಿರುವ ಉದಾಹರಣೆ. ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ಊರಿನಲ್ಲಿ ಅರ್ಧಕ್ಕೆ ನಿಂತ ಒಂದು ಕಾಲುವೆ ಇತ್ತು. 1942ರಿಂದ 1953ರವರೆಗೆ ಒಂದು ರಾಸಾಯನಿಕ ಕಂಪನಿ ಅದರಲ್ಲಿ 20 ಸಾವಿರ ಟನ್ನಿಗೂ ಹೆಚ್ಚು ತ್ಯಾಜ್ಯ ಹಾಕಿ, ಜೇಡಿ ಮುಚ್ಚಿ, ಆ ಜಾಗವನ್ನು ಶಾಲಾ ಮಂಡಳಿಗೆ 1 ಡಾಲರಿಗೆ ಕೊಟ್ಟಿತು. ಒಳಗೆ ರಾಸಾಯನಿಕ ಇದೆ ಅಂತ ಖರೀದಿ ಪತ್ರದಲ್ಲೇ ಬರೆದಿತ್ತು. ಆದರೂ ಅಲ್ಲಿ ಶಾಲೆ ಬಂತು, ಸುತ್ತ ಮನೆಗಳು ಬಂದವು. ರಸ್ತೆಗೆ, ಚರಂಡಿಗೆ ಅಂತ ಆ ಜೇಡಿಯನ್ನು ಕಡಿದರು. 70ರ ದಶಕದ ಜೋರು ಮಳೆ, ಹಿಮದ ನಂತರ ಒಳಗೆ ನೀರು ತುಂಬಿ, ಮನೆಗಳ ನೆಲಮಾಳಿಗೆಗೆ ರಸ ಒಸರಿತು. 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕಾರ್ಟರ್ ತುರ್ತು ಪರಿಸ್ಥಿತಿ ಘೋಷಿಸಿದರು, ನೂರಾರು ಕುಟುಂಬ ಮನೆ ಬಿಡಬೇಕಾಯಿತು.

ಅಲ್ಲಿಯ ವಿಷವನ್ನು ಪೂರ್ತಿ ತೆಗೆದು ಹಾಕಿಲ್ಲ. ಇವತ್ತಿಗೂ ಅದು ನೆಲದೊಳಗೇ ಇದೆ. ಸುತ್ತ ಆಳದ ಬಸಿಗಾಲುವೆ ತೆಗೆದರು. ಸುಮಾರು 40 ಎಕರೆಗೆ ಹೊಸ ಹೊದಿಕೆ ಹಾಕಿದರು. ಬಸಿಯುವ ರಸವನ್ನು ಪಂಪ್ ಮಾಡಿ ಶುದ್ಧ ಮಾಡುತ್ತಾ ಬಂದಿದ್ದಾರೆ, ಬೇಲಿ ಹಾಕಿ ಕಾಯುತ್ತಿದ್ದಾರೆ.

ಇದಕ್ಕೆ ತದ್ವಿರುದ್ಧ ದಾರಿ ಹಿಡಿದದ್ದು ಸ್ವಿಟ್ಜರ್ಲೆಂಡಿನ ಕೊಲಿಕೆನ್. 1978ರಲ್ಲಿ ಹಳೆಯ ಜೇಡಿ ಗಣಿಯಲ್ಲಿ ಶುರುವಾದ ಅಪಾಯಕಾರಿ ತ್ಯಾಜ್ಯದ ತಾಣ ಅದು. ಜೇಡಿ ತಳ ಇದೆ, ಸೋರುವುದಿಲ್ಲ ಅಂದುಕೊಂಡಿದ್ದರು, ಸೋರಿತು. 1985ರಲ್ಲಿ ಮುಚ್ಚಿದರು. ಕೊನೆಗೆ 2007ರಿಂದ 2015ರವರೆಗೆ ಪೂರ್ತಿ ಅಗೆದು ತೆಗೆದರು. ಗುಡ್ಡದ ಮೇಲೆ ದೊಡ್ಡ ಮುಚ್ಚಿದ ಹಾಲ್ ಕಟ್ಟಿ, ಒಳಗಿನ ಗಾಳಿ ಹೊರಗೆ ಬರದ ಹಾಗೆ ಎಳೆದು ಶೋಧಿಸಿ, ಅದರೊಳಗೇ ಅಗೆದರು. ಖರ್ಚು ನೂರು ಕೋಟಿ ಫ್ರಾಂಕಿಗೆ ಹತ್ತಿರ. ಏಳು ವರ್ಷ ಸುರಿದದ್ದನ್ನು ತೆಗೆಯಲು ಎಂಟು ವರ್ಷ ಹಿಡಿಯಿತು.

ನಮ್ಮ ಭೋಪಾಲದ್ದೂ ಹೇಳಲೇಬೇಕು. 1984ರ ಅನಿಲ ದುರಂತದ ಕಾರ್ಖಾನೆಯಲ್ಲಿ ಉಳಿದಿದ್ದ 337 ಟನ್ ತ್ಯಾಜ್ಯ ಅಲ್ಲಿಂದ ಹೊರಟಿದ್ದು 2025ರ ಜನವರಿಯಲ್ಲಿ. ಅದೇ ರಾಜ್ಯದ ಪೀಥಂಪುರಕ್ಕೆ ಒಯ್ದು ಸುಟ್ಟರು. ಅಲ್ಲಿಯ ಜನ ನಮ್ಮೂರಿಗೆ ಯಾಕೆ ಅಂತ ಬೀದಿಗಿಳಿದರು, ಅವರ ಪ್ರಶ್ನೆ ತಪ್ಪಲ್ಲ. ಕಾರ್ಖಾನೆ ಸುತ್ತಲಿನ ಮಣ್ಣು, ಅಂತರ್ಜಲದ ಕೆಲಸ ಆಗಲೂ ಉಳಿದೇ ಇತ್ತು.

ಹಾಗಾದರೆ ಅಗೆಯಬೇಕೋ, ಮುಚ್ಚಿ ಕಾಯಬೇಕೋ? ಒಳಗೆ ಏನಿದೆ ಅಂತ ತಿಳಿಯದೆ ಇದಕ್ಕೆ ಉತ್ತರ ಇಲ್ಲ. ಮೊದಲು ಹಳೆಯ ಕೆಲಸಗಾರರನ್ನು, ಚಿಂದಿ ಆಯುವವರನ್ನು, ಲಾರಿ ಚಾಲಕರನ್ನು ಕೂರಿಸಿ ಕೇಳಬೇಕು. ಯಾವ ಮೂಲೆಯಲ್ಲಿ ಡ್ರಮ್‌ಗಳು ಬಿದ್ದವು, ಯಾವ ವರ್ಷ ಕೆಸರಿನ ಟ್ಯಾಂಕರ್ ಬಂತು, ಅವರಿಗೆ ಗೊತ್ತಿರುತ್ತದೆ. ಆಮೇಲೆ ಅಲ್ಲಲ್ಲಿ ಕೊರೆದು ಮಾದರಿ ತೆಗೆಯಬೇಕು. ಗುಡ್ಡದ ಮೇಲ್ಭಾಗಕ್ಕೆ ಒಂದು ಬಾವಿ, ಅಂತರ್ಜಲ ಹರಿಯುವ ಕೆಳಭಾಗಕ್ಕೆ ಹಲವು ಬಾವಿ ಕೊರೆದು ನೀರಿನ ವ್ಯತ್ಯಾಸ ನೋಡಬೇಕು. ಮೇಲಿನ ಬಾವಿ ಇಲ್ಲದಿದ್ದರೆ ಮಾಲಿನ್ಯ ಗುಡ್ಡದಿಂದಲೇ ಬಂತು ಅಂತ ತೋರಿಸುವುದು ಕಷ್ಟ. ಡ್ರಮ್ ಅಥವಾ ಕೆಸರು ಒಂದೇ ಮೂಲೆಯಲ್ಲಿ ಸಿಕ್ಕರೆ ಅಷ್ಟನ್ನು ತೆಗೆದು, ಸಿಮೆಂಟ್ ಅಥವಾ ಸುಣ್ಣ ಕಲಸಿ ಗಟ್ಟಿ ಮಾಡಿ, ತಳಕ್ಕೆ ಹಾಳೆ ಇರುವ ಸುರಕ್ಷಿತ ತಾಣಕ್ಕೆ ಕಳಿಸಬಹುದು. ನಮ್ಮ ರಾಜ್ಯದಲ್ಲಿ ಅಂಥದ್ದು ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿದೆ. ಗುಡ್ಡದ ತುಂಬ ಹರಡಿದ್ದರೆ ಮುಚ್ಚಿ ಕಾಯುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಈಗ ಹಳೆಯ ಕಸವನ್ನು ಅಗೆದು, ಒಣಗಿಸಿ, ದೊಡ್ಡ ಜರಡಿಯಲ್ಲಿ ಸೋಸುವ ಬಯೋಮೈನಿಂಗ್ ಎಲ್ಲಾ ಕಡೆ ನಡೆಯುತ್ತಿದೆ. ಪ್ಲಾಸ್ಟಿಕ್, ಬಟ್ಟೆ ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗುತ್ತದೆ. ಕಲ್ಲು, ಇಟ್ಟಿಗೆ ತಗ್ಗು ತುಂಬಲು ಹೋಗುತ್ತದೆ. ಜಾಗ ಬಿಡುಗಡೆಯಾಗುತ್ತದೆ, ಬೇಸಿಗೆಯ ಬೆಂಕಿ, ಹೊಗೆ ತಪ್ಪುತ್ತದೆ. ಇದು ಒಳ್ಳೆಯ ಕೆಲಸವೇ. ನನ್ನ ಚಿಂತೆ ಇರುವುದು ಜರಡಿಯ ಕೆಳಗೆ ಬೀಳುವ ಆ ನುಣ್ಣನೆಯ ಕಪ್ಪು ಮಣ್ಣಿನ ಬಗ್ಗೆ.

ಹುಬ್ಬಳ್ಳಿ-ಧಾರವಾಡದ ಸುತ್ತಲಿನ ರೈತರಿಗೂ ಊರಿನ ಕಸಕ್ಕೂ ಹಳೆಯ ನಂಟು ಇದೆ. ಹಿಂದೆ ಕಸವನ್ನು ಗುಂಡಿಗಳಲ್ಲಿ ಕೊಳೆಸಿ, ಆ ಗುಂಡಿಗಳನ್ನು ಹರಾಜು ಹಾಕುತ್ತಿದ್ದರು. ರೈತರು ಕೊಂಡು ಹೊಲಕ್ಕೆ ಒಯ್ಯುತ್ತಿದ್ದರು. ಕಸದಲ್ಲಿ ಪ್ಲಾಸ್ಟಿಕ್, ಗಾಜು ಜಾಸ್ತಿಯಾದಂತೆ ಅವರೇ ಅದರಿಂದ ದೂರ ಸರಿದರು. ಈಗ ಜರಡಿ ಹಿಡಿದ ಮಣ್ಣು ನೋಡಲು ಚೊಕ್ಕಟವಾಗಿರುತ್ತದೆ, ಗೊಬ್ಬರದ ಹಾಗೆಯೇ ಕಾಣುತ್ತದೆ. ಗಾಜು ಹೋಗಿದೆ, ಸರಿ. ಆದರೆ ಸೀಸ, ಕ್ಯಾಡ್ಮಿಯಂ ಜರಡಿಗೆ ಸಿಗುವುದಿಲ್ಲ. ಲೋಹಗಳು ನುಣ್ಣನೆಯ ಮಣ್ಣಿಗೇ ಹೆಚ್ಚು ಅಂಟಿರುತ್ತವೆ. ಅದು ಹೊಲಕ್ಕೆ ಬಿದ್ದರೆ ಕೊಳೆಯುವುದೂ ಇಲ್ಲ, ಕರಗಿ ಮುಗಿಯುವುದೂ ಇಲ್ಲ. ಮೆಂತ್ಯ, ಪಾಲಕ್‌ನಂಥ ಸೊಪ್ಪು ಕ್ಯಾಡ್ಮಿಯಂ ಅನ್ನು ಸುಲಭವಾಗಿ ಎಳೆದುಕೊಳ್ಳುತ್ತದೆ. ರೈತ ಬಾಂಧವರೇ, ಪುಕ್ಕಟೆ ಕೊಟ್ಟರೂ ಸರಿ, ಲೋಹಗಳ ಪರೀಕ್ಷೆಯ ವರದಿ ಕೈಗೆ ಬರುವವರೆಗೆ ಆ ಮಣ್ಣಿನ ಒಂದು ಬುಟ್ಟಿಯನ್ನೂ ಹೊಲಕ್ಕೆ ಹಾಕಬೇಡಿ.

ಕಾನೂನಿನ ಮಾತು ಬೇಗ ಹೇಳಿಬಿಡುತ್ತೇನೆ. ಮಲಿನಗೊಂಡ ಜಾಗಗಳ ನಿರ್ವಹಣೆಗೆ ಅಂತಲೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಹೊಸ ನಿಯಮ ತಂದಿದೆ. ಅನುಮಾನ ಇರುವ ಜಾಗಗಳನ್ನು ಗುರುತಿಸಿ ವರದಿ ಮಾಡುವುದು ಸ್ಥಳೀಯ ಆಡಳಿತದ ಕೆಲಸ, ತನಿಖೆ ಮಾಲಿನ್ಯ ನಿಯಂತ್ರಣ ಮಂಡಳಿಯದು, ಶುದ್ಧ ಮಾಡುವ ಖರ್ಚು ಮಲಿನ ಮಾಡಿದವರದು. ನಾನು ಇದಕ್ಕೆ ಇನ್ನೊಂದು ಸೇರಿಸುತ್ತೇನೆ. ಆ ಜಾಗದ ಉತಾರದಲ್ಲೇ ಇಲ್ಲಿ ಕಸ ಹೂತಿದೆ, ಅಗೆಯಬಾರದು, ಬೋರ್ ಹೊಡೆಯಬಾರದು ಅಂತ ದಾಖಲಾಗಲಿ. ಲವ್ ಕೆನಾಲ್‌ನಲ್ಲಿ ಪತ್ರ ಇದ್ದೂ ಕೆಟ್ಟಿತು ಅಂತ ನೀವು ಹೇಳಬಹುದು. ಅದಕ್ಕೇ ಉತಾರದ ಜೊತೆಗೆ ಬೇಲಿ, ಫಲಕ, ವರ್ಷಕ್ಕೊಮ್ಮೆ ವಾರ್ಡಿನ ಜನರ ಮುಂದೆ ಓದುವ ನೀರಿನ ವರದಿ, ಇಷ್ಟೂ ಬೇಕು. ಊರು ಬೆಳೆಯುತ್ತಿದೆ. ಇವತ್ತು ಹೊರಗೆ ಇರುವ ಜಾಗದ ಪಕ್ಕಕ್ಕೆ ನಾಳೆ ಲೇಔಟ್ ಬರುತ್ತದೆ.

ಹಳೆಯ ಗುಡ್ಡದ ಹತ್ತಿರ ಬೋರ್‌ವೆಲ್ ಇರುವವರಿಗೆ ಕೊನೆಯದಾಗಿ ಒಂದು ಮಾತು. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವ ಕಡೆ ಜನ ಬೋರ್ ನೀರನ್ನೇ ಕುಡಿಯುತ್ತಾರೆ. ಪರೀಕ್ಷೆ ಮಾಡಿಸಿದಾಗ ಸಾಮಾನ್ಯವಾಗಿ ಗಡಸುತನ, ನೈಟ್ರೇಟ್, ಫ್ಲೋರೈಡ್ ನೋಡುತ್ತಾರೆ. ಲೋಹಗಳನ್ನು ನೀವು ಹೆಸರು ಹೇಳಿ ಕೇಳಬೇಕು. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ಪಾದರಸ ಅಂತ ಚೀಟಿಯಲ್ಲಿ ಬರೆದುಕೊಡಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಒಂದು ಲೀಟರಿನಲ್ಲಿ ಸೀಸ 0.01 ಮಿಲಿಗ್ರಾಂ ದಾಟಬಾರದು, ಕ್ಯಾಡ್ಮಿಯಂ 0.003 ದಾಟಬಾರದು. ಕುದಿಸಿದರೆ ಲೋಹ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಮೇ ತಿಂಗಳಲ್ಲಿ ಒಮ್ಮೆ, ಮಳೆಗಾಲ ಮುಗಿದು ಅಕ್ಟೋಬರ್‌ನಲ್ಲಿ ಒಮ್ಮೆ ಮಾಡಿಸಿ. ಎರಡು ವರದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯಾವ ವರದಿಯಲ್ಲಾದರೂ ಲೋಹ ಮಿತಿ ದಾಟಿದ್ದರೆ, ಅಥವಾ ಮಳೆಯ ನಂತರದ್ದರಲ್ಲಿ ಏರಿದ್ದರೆ ಆ ನೀರು ಕುಡಿಯುವುದನ್ನು, ಅಡುಗೆಗೆ ಬಳಸುವುದನ್ನು ಅವತ್ತೇ ನಿಲ್ಲಿಸಿ. ವರದಿಯ ಪ್ರತಿಯನ್ನು ಪಾಲಿಕೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತವಾಗಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.

ನಮಸ್ಕಾರ.